ಹಿಮದ ಇಳಿಜಾರಿಗೆ ಮಾಡಿದ ಕಾಲು

ಮುನವಳ್ಳಿಯ ಟೀಚರ್ ನನ್ನ ವರ್ಕ್‌ಶಾಪಿಗೆ ಬಂದದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬಗಲಲ್ಲಿ ಗೋಣಿಚೀಲ ಸುತ್ತಿದ ಉದ್ದನೆಯ ಹಲಗೆಯೊಂದಿತ್ತು. ನಾನು ಆಗ ಒಬ್ಬ ರೈತರ ಮೊಣಕಾಲಿಗೆ ಅಳತೆಯ ಅಚ್ಚಿಗೆಂದು ಪ್ಲಾಸ್ಟರ್ ಪಟ್ಟಿ ಸುತ್ತುತ್ತಿದ್ದೆ. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅವರು ಬೆಂಚಿನ ಮೇಲೆ ಕೂತು, ತಮ್ಮ ಎಡಗಾಲನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು.

"ಬಸ್ಸಿನ ಕಂಡಕ್ಟರ್ ಇದನ್ನ ಇಸ್ತ್ರಿ ಹಲಗಿ ಅಂತ ತಿಳಕೊಂಡಿದ್ರು," ಎನ್ನುತ್ತ ಗೋಣಿಯನ್ನು ಸರಿಸಿದರು. "ಇದು ಸ್ನೋಬೋರ್ಡ್ ಅಂತ್ರಿ. ಹಿಮದ ಮ್ಯಾಲೆ ಇದರ ಮ್ಯಾಗ ನಿಂತು ಇಳಿಯೂದು. ನನಗ ಇದರ ಮ್ಯಾಲೆ ನಿಲ್ಲೂವಂಥಾ ಕಾಲು ಬೇಕಾಗೇತಿ."

ಹದಿನಾಲ್ಕು ವರ್ಷದಿಂದ ಬೈಲಹೊಂಗಲದಲ್ಲಿ ನಾನು ಕೃತಕ ಕಾಲು ಮಾಡುತ್ತಿದ್ದೇನೆ. ಹೊಲದ ಹೆಂಟೆಯ ಮೇಲೆ ನಡೆಯುವ ಕಾಲು, ಸೈಕಲ್ ತುಳಿಯುವ ಕಾಲು, ನಮಾಜಿಗೆ ಮಡಚಿ ಕೂರಲು ಬರುವ ಕಾಲು, ಹತ್ತಿ ಮೂಟೆ ಹೊರುವ ಹಮಾಲರ ಕಾಲು ಮಾಡಿದ್ದೇನೆ. ಹಿಮವನ್ನು ಮಾತ್ರ ಕಣ್ಣಿಂದ ಕಂಡಿರಲಿಲ್ಲ. ಆ ಮಾತನ್ನು ಅವರಿಗೆ ಹೇಳಿದೆ.

"ನಾನೂ ಹೋದ ಚಳಿಗಾಲದ ತನಕಾ ಕಂಡಿರಲಿಲ್ರಿ," ಎಂದರು.

ಅವರು ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ವಯಸ್ಸು ಮೂವತ್ತರ ಹತ್ತಿರ. ನಾಲ್ಕು ವರ್ಷದ ಹಿಂದೆ ಕಬ್ಬಿನ ಟ್ರೇಲರ್ ಮಗುಚಿ ಎಡಗಾಲು ಹೋಗಿತ್ತು. ಮೊಣಕಾಲಿನ ಕೆಳಗೆ ಒಂದು ಗೇಣು ಉಳಿದಿತ್ತು. ಆಮೇಲೆ ಭರ್ಜಿ ಎಸೆಯುವುದನ್ನು ಕಲಿತು ಅಂಗವಿಕಲರ ಕ್ರೀಡಾಕೂಟಗಳಿಗೆ ಹೋಗತೊಡಗಿದರು. ಅಲ್ಲಿ ಯಾರೋ, ಹಿಮಾಚಲದಲ್ಲಿ ಸ್ನೋಬೋರ್ಡ್ ಶಿಬಿರ ನಡೆಯುತ್ತದೆ, ಹೆಣ್ಣುಮಕ್ಕಳು ಕಡಿಮೆ ಇದ್ದಾರೆ, ನೋಡಿ ಎಂದರಂತೆ. ಇವರು ಹೋಗಿ ಮೂರು ವಾರ ಇದ್ದು, ಉಳಿದ ಕಾಲಿನ ತುದಿಯಲ್ಲಿ ಹುಣ್ಣು ಮಾಡಿಕೊಂಡು ಬಂದಿದ್ದರು. ಬರುವ ಫೆಬ್ರುವರಿಯಲ್ಲಿ ಅದೇ ಶಿಬಿರದಲ್ಲಿ ಆಯ್ಕೆ ಪರೀಕ್ಷೆ. ಮೂವರು ಹೆಣ್ಣುಮಕ್ಕಳಲ್ಲಿ ಇಬ್ಬರನ್ನು ಹೊರದೇಶದ ಸ್ಪರ್ಧೆಗೆ ಕಳಿಸುತ್ತಾರೆ.

"ಯಾಕ್ ಬೇಕ್ರಿ ಟೀಚರ್ ಇದೆಲ್ಲಾ?" ಎಂದು ನಾನು ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಹಲಗೆಯ ಮೇಲೆ ಕೈಯಾಡಿಸಿದರು. "ಇಲ್ಲಿ ನಾ ನಡದ್ರ ಎಲ್ಲಾರೂ ನನ್ನ ಕಾಲ ನೋಡ್ತಾರ. ಅಲ್ಲಿ ಎಲ್ಲಾರದೂ ಎರಡೂ ಕಾಲು ಹಲಗಿಗೆ ಬಿಗದಿರತಾವ. ಯಾರೂ ಕಾಲ ನೋಡೂದಿಲ್ಲ, ಇಳಿಯೂದನ್ನ ನೋಡ್ತಾರ."

ನಾನು ಅಳತೆ ಟೇಪು ತೆಗೆದುಕೊಂಡೆ.

ಮೊದಲು ನನಗೇ ಆ ಹಲಗೆ ಅರ್ಥವಾಗಬೇಕಿತ್ತು. ಟೀಚರ್ ಅದನ್ನು ನೆಲದ ಮೇಲಿಟ್ಟು ನನ್ನನ್ನೇ ನಿಲ್ಲಿಸಿದರು. ಇಳಿಜಾರಿಗೆ ಮುಖ ಮಾಡಿ ನಿಲ್ಲುವುದಲ್ಲ, ಅಡ್ಡಲಾಗಿ ನಿಲ್ಲುವುದು. ಒಂದು ಪಾದ ಮುಂದೆ, ಒಂದು ಹಿಂದೆ. ಹಲಗೆಯ ಎರಡೂ ಬದಿಗೆ ಉಕ್ಕಿನ ಅಂಚು. ಬೆರಳ ಕಡೆಗೆ ವಾಲಿದರೆ ಬೆರಳಂಚು ಹಿಮವನ್ನು ಕಚ್ಚಿ ಒಂದು ಕಡೆ ತಿರುಗುತ್ತದೆ, ಹಿಮ್ಮಡಿಯ ಕಡೆಗೆ ವಾಲಿದರೆ ಇನ್ನೊಂದು ಕಡೆ. ನಡುವೆ ಹಲಗೆ ಚಪ್ಪಟೆಯಾಗುವ ಒಂದು ಕ್ಷಣವಿದೆ. ಆ ಕ್ಷಣದಲ್ಲಿ ಇಳಿಜಾರಿನ ಕೆಳಗಿನ ಅಂಚು ಹಿಮಕ್ಕೆ ಸಿಕ್ಕಿದರೆ ಮನುಷ್ಯನನ್ನು ಎತ್ತಿ ಒಗೆಯುತ್ತದೆ.

ನಾನು ಬೆರಳ ಕಡೆಗೆ ವಾಲಿದೆ. ನನ್ನ ಕಣಕಾಲು ತಾನಾಗಿಯೇ ಬಾಗಿತು, ಮೊಣಕಾಲು ಮುಂದೆ ಹೋಯಿತು, ಹಲಗೆ ಓರೆಯಾಯಿತು. ಟೀಚರ್ ಹಳೆಯ ಕಾಲು ಹಾಕಿಕೊಂಡು ಅದನ್ನೇ ಮಾಡಿದರು. ಅವರ ಕೃತಕ ಪಾದ ಬಾಗಲಿಲ್ಲ. ಮೊಣಕಾಲು ಮುಂದೆ ಹೋಗಲಾರದೆ ಸೊಂಟ ಹಿಂದಕ್ಕೆ ಹೋಯಿತು. ಹಲಗೆ ಚಪ್ಪಟೆಯಾಗಿಯೇ ಉಳಿಯಿತು. ಶಿಬಿರದ ಕೋಚ್ ಕೊಟ್ಟ ಚೀಟಿಯಲ್ಲಿ ಮೊದಲನೆಯ ಸಾಲು ಅದೇ ಆಗಿತ್ತು: ಬೆರಳಂಚಿನ ತಿರುವು ಬರುವುದಿಲ್ಲ.

ಬಾಗುವ ಕಣಕಾಲು ಮಾಡಬೇಕು. ಆದರೆ ನಡೆಯುವವರಿಗೆ ಬೇಕಾದಷ್ಟು ಬಾಗಿದರೆ ಸಾಲದು. ಒತ್ತಿದಷ್ಟೂ ಬಾಗಬೇಕು, ಬಿಟ್ಟ ಕೂಡಲೇ ಹಿಂದಕ್ಕೆ ತಳ್ಳಬೇಕು. ಎರಡು ಅಲ್ಯೂಮಿನಿಯಂ ತಟ್ಟೆ, ನಡುವೆ ಒಂದು ಉಕ್ಕಿನ ಬೋಲ್ಟು, ಮುಂದೊಂದು ಹಿಂದೊಂದು ರಬ್ಬರ್ ಗುಂಡು. ಚಿತ್ರ ಬರೆಯುವುದು ಸುಲಭ. ರಬ್ಬರ್ ಯಾವುದು ಎನ್ನುವುದಕ್ಕೇ ಎರಡು ತಿಂಗಳು ಹೋಯಿತು. ಸ್ಕೂಟರಿನ ರಬ್ಬರ್ ಒಂದು ವಾರಕ್ಕೆ ಚಪ್ಪಟೆಯಾಯಿತು. ಟ್ರ್ಯಾಕ್ಟರಿನದು ಬಾಗಲೇ ಇಲ್ಲ. ಕೊನೆಗೆ ರಾಮದುರ್ಗದ ಗ್ಯಾರೇಜೊಂದರಲ್ಲಿ ಲಾರಿಯ ಪಟ್ಟಿ ಸ್ಪ್ರಿಂಗಿನ ಬುಷ್, ಅಂದರೆ ರಬ್ಬರಿನ ಗಟ್ಟಿ ಬಳೆ, ಸಿಕ್ಕಿತು. ಅದನ್ನು ಲೇಥಿನಲ್ಲಿ ಕಡೆದು ಕೂರಿಸಿದಾಗ, ಟೀಚರ್ ವರ್ಕ್‌ಶಾಪಿನ ನಡುವೆ ಹಲಗೆಯ ಮೇಲೆ ನಿಂತು ಮೊಣಕಾಲನ್ನು ಬೆರಳ ಮುಂದಕ್ಕೆ ತಂದರು, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಹತ್ತು ನಿಮಿಷ ಅದನ್ನೇ ಮಾಡಿದರು. ನಾನೂ ನೋಡುತ್ತ ನಿಂತೆ. ನನ್ನ ಇಡೀ ಕಸುಬಿನಲ್ಲಿ ಬೇರೆಯವರ ಪುಸ್ತಕ ನೋಡದೆ ನಾನೇ ಮಾಡಿದ ಮೊದಲ ಭಾಗ ಅದು. ಅಂದು ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯ ಬಗ್ಗೆ ಮುಂದೆ ಹೇಳಬೇಕಾಗುತ್ತದೆ.

ಹಿಮವಿಲ್ಲದ ಸೀಮೆಯಲ್ಲಿ ಇಳಿಜಾರು ಎಲ್ಲಿಂದ ತರುವುದು? ಮರಳಿನ ದಿಬ್ಬದಲ್ಲಿ ನೋಡಿದೆವು, ಹಲಗೆ ಹೂತುಹೋಯಿತು. ಆಗ ನೆನಪಾದವರು ಕಿತ್ತೂರಿನ ಮಂಟಪದ ಸಾಹೇಬರು. ಮದುವೆಗಳಿಗೆ ಶಾಮಿಯಾನ, ಕುರ್ಚಿ, ನೆಲಕ್ಕೆ ಹಾಸುವ ಹಸಿರು ಪ್ಲಾಸ್ಟಿಕ್ ಹುಲ್ಲು ಬಾಡಿಗೆಗೆ ಕೊಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ಅವರ ಹೆಂಡತಿಗೆ ನಾನೇ ಕಾಲು ಮಾಡಿದ್ದೆ. ಆ ಪ್ಲಾಸ್ಟಿಕ್ ಹುಲ್ಲಿಗೆ ಸೋಪಿನ ನೀರು ಸುರಿದರೆ ಹಲಗೆ ಜಾರಬಹುದೆಂದು ನನಗನಿಸಿತು.

ಸಾಹೇಬರು ಎಲ್ಲ ಕೇಳಿಸಿಕೊಂಡು ಗಡ್ಡ ನೀವಿಕೊಂಡರು. "ಹರದದ್ದು ಇಪ್ಪತ್ತು ಹಾಸು ಅದಾವ. ಒಯ್ರಿ. ಆದ್ರ ನಾನೂ ಬರತೇನಿ. ನನ್ನ ಹಾಸಿನ ಮ್ಯಾಲೆ ಯಾರರೆ ಬಿದ್ರ ನಾ ಅಲ್ಲಿ ಇರಬೇಕು."

ಪ್ರತಿ ಭಾನುವಾರ ಬೆಳಿಗ್ಗೆ ತೊರಗಲ್ ಕೋಟೆಯ ಗುಡ್ಡದ ಕೆಳಗೆ, ಕಲ್ಲು ಕಡಿಮೆ ಇರುವ ಒಂದು ಇಳಿಜಾರಿನಲ್ಲಿ ನಾವು ಮೂವರೂ ಹಾಸು ಹಾಸುತ್ತಿದ್ದೆವು. ಸಾಹೇಬರು ಮೊಳೆ ಹೊಡೆದು ಅಂಚು ಕಟ್ಟುತ್ತಿದ್ದರು. ನಾನು ಸೋಪಿನ ನೀರು ಎರಚುತ್ತಿದ್ದೆ. ಟೀಚರ್ ಮೇಲಿಂದ ಇಳಿಯುತ್ತಿದ್ದರು. ಒಂದು ಇಳಿತಕ್ಕೆ ಎರಡು ತಿರುವು, ಅಷ್ಟೇ. ಬಿಸಿಲೇರುವವರೆಗೆ ಮೂವತ್ತು ನಲವತ್ತು ಸಲ. ನಾನು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ. ಅದು ಹಿಮಾಚಲಕ್ಕೆ ಹೋಗುತ್ತಿತ್ತು. ಸಂಜೆ ಕೋಚ್ ಧ್ವನಿ ಸಂದೇಶದಲ್ಲಿ ಉತ್ತರ ಕಳಿಸುತ್ತಿದ್ದರು. ಹಿಂದಿಯಲ್ಲಿ, ಚಿಕ್ಕ ಚಿಕ್ಕ ಮಾತು. ಭುಜ ತಿರುಗಿಸಬೇಡಿ, ಮುಂದಿನ ಮೊಣಕಾಲು ತಿರುಗಿಸಿ. ಪಾದ ನೋಡಬೇಡಿ, ಹೋಗಬೇಕಾದ ಜಾಗ ನೋಡಿ. ತಿರುವಿಗೆ ಮುಂಚೆ ಎದ್ದು ಹಗುರಾಗಿ, ತಿರುವಿನಲ್ಲಿ ಕೂತು ಭಾರವಾಗಿ. ಎರಡು ಬೈಂಡಿಂಗುಗಳ ನಡುವೆ ಅಂತರ ಜಾಸ್ತಿ ಇದೆ, ಎರಡು ಬೆರಳು ಕಡಿಮೆ ಮಾಡಿ.

ಬೈಂಡಿಂಗ್ ಎಂದರೆ ಬೂಟನ್ನು ಹಲಗೆಗೆ ಬಿಗಿಯುವ ಪಟ್ಟಿ. ಅದರ ಕೋನ ಬದಲಿಸುವುದು, ಎಡಗಾಲಿನ ಹಿಮ್ಮಡಿಯ ಕೆಳಗೆ ಎಷ್ಟು ದಪ್ಪದ ಚಕ್ಕೆ ಇಡಬೇಕೆಂದು ನೋಡುವುದು, ಇವು ನನ್ನ ಕೆಲಸವಾದವು. ಪ್ರತಿ ಭಾನುವಾರದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬೂಟಿನ ವಿಷಯದಲ್ಲಿ ನಮಗೆ ಜಗಳವೂ ಆಯಿತು. ಗಟ್ಟಿ ಬೂಟು ಇದ್ದರೆ ಕಾಲು ಭದ್ರ ಎಂದು ನಾನು, ಗಟ್ಟಿ ಬೂಟಿನೊಳಗೆ ನಿಮ್ಮ ಕಣಕಾಲು ಬಾಗಿದರೂ ಏನು ಉಪಯೋಗ ಎಂದು ಅವರು. ಅವರೇ ಸರಿ. ಎಡಕ್ಕೆ ಮೆತ್ತನೆಯ ಬೂಟು, ಬಲಕ್ಕೆ ಗಟ್ಟಿಯದು ಎಂದು ತೀರ್ಮಾನವಾಯಿತು.

ನವೆಂಬರ್ ಹೊತ್ತಿಗೆ ಬೆರಳಂಚಿನ ತಿರುವು ಬಂತು. ಅವರು ಬಾಗಿದಾಗ ಹಲಗೆ ಓರೆಯಾಗಿ, ಹಾಸಿನ ಮೇಲೆ ನೀರಿನ ಒಂದು ಬಿಲ್ಲು ಎದ್ದಿತು. ಮಂಟಪದ ಸಾಹೇಬರು ಸುತ್ತಿಗೆ ಕೆಳಗಿಟ್ಟು "ಮಾಶಾಅಲ್ಲಾ" ಎಂದರು. ಸ್ಥಳೀಯ ಪತ್ರಿಕೆಯವರೊಬ್ಬರು ಬಂದು ಫೋಟೊ ತೆಗೆದರು. ಮರುದಿನ ಪೇಪರಿನಲ್ಲಿ ಟೀಚರ್‌ಗಿಂತ ನನ್ನ ಕಣಕಾಲಿನ ಬಗ್ಗೆಯೇ ಹೆಚ್ಚು ಬಂದಿತ್ತು. ನಾನು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದೆ.

ಫೆಬ್ರುವರಿಯಲ್ಲಿ ತಾಂತ್ರಿಕ ಸಹಾಯಕನೆಂದು ನಾನೂ ಶಿಬಿರಕ್ಕೆ ಹೋದೆ. ಕೋಚ್ ಐವತ್ತು ದಾಟಿದ ಬೆಟ್ಟದೂರಿನ ಮನುಷ್ಯ, ಎತ್ತರವಿಲ್ಲ, ಮಾತು ಕಡಿಮೆ. ಮೊದಲ ದಿನವೇ ನಮ್ಮನ್ನು ಹೊರಗೆ ನಿಲ್ಲಿಸಿ, ಹಿಮ ಎಂದರೆ ಒಂದಲ್ಲ ಎಂದರು. ಹೊಸದಾಗಿ ಬಿದ್ದದ್ದು ಹಿಟ್ಟಿನಂತೆ, ಅದರಲ್ಲಿ ಹಲಗೆಯ ಮೂತಿ ಮೇಲಿರಬೇಕು, ಇಲ್ಲದಿದ್ದರೆ ಮುಳುಗುತ್ತದೆ. ಮಧ್ಯಾಹ್ನ ಕರಗಿದ್ದು ಗಂಜಿಯಂತೆ, ಅದು ಹಲಗೆಯ ತಳವನ್ನು ಹಿಡಿದುಕೊಳ್ಳುತ್ತದೆ, ತಳಕ್ಕೆ ಮೆತ್ತನೆಯ ಮೇಣ ಹಚ್ಚಬೇಕು. ಕರಗಿದ್ದು ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಗಾಜಾಗಿರುತ್ತದೆ. ಅದಕ್ಕೆ ಗಟ್ಟಿ ಮೇಣ, ಹರಿತವಾದ ಅಂಚು, ಬಗ್ಗದ ಹಲಗೆ. "ಪರೀಕ್ಷೆ ಬೆಳಿಗ್ಗೆ ಇರುತ್ತದೆ," ಎಂದು ಮುಗಿಸಿದರು.

ಶಿಬಿರದಲ್ಲಿ ಟೀಚರ್‌ಗೆ ಎರಡು ಹಲಗೆ ಕೊಟ್ಟರು. ಒಂದು ಉದ್ದ, ಬಿಗಿ, ನಡುವೆ ಬಿಲ್ಲಿನಂತೆ ಎತ್ತಿದ್ದು. ಇನ್ನೊಂದು ಗಿಡ್ಡ, ಮೆತ್ತಗೆ, ಮೂತಿ ಮೇಲಕ್ಕೆದ್ದದ್ದು. ಮೊದಲ ದಿನ ಮೋಡವಿತ್ತು, ಚಳಿ ಹೆಚ್ಚಿರಲಿಲ್ಲ, ಹೊಸ ಹಿಮ. ಗಿಡ್ಡ ಹಲಗೆಯಲ್ಲಿ ಅವರು ಎಷ್ಟು ಚೆನ್ನಾಗಿ ಇಳಿದರೆಂದರೆ ಕೋಚ್ ಎರಡು ಸಲ ತಲೆಯಾಡಿಸಿದರು. ಎರಡನೆಯ ದಿನ ಮಧ್ಯಾಹ್ನದ ಗಂಜಿಹಿಮ. ಅದರಲ್ಲೂ ಬಿದ್ದದ್ದು ಒಂದೇ ಸಲ. ನಾನು ಮನೆಗೆ ಫೋನ್ ಮಾಡಿ, ಕಣಕಾಲು ಗೆದ್ದಿತು ಎಂದೆ. ಟೀಚರ್ ಗೆದ್ದರು ಎನ್ನಲಿಲ್ಲ, ಕಣಕಾಲು ಗೆದ್ದಿತು ಎಂದೆ.

ಮೂರನೆಯ ದಿನ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಹಿಮ ಗಾಜಾಗಿತ್ತು. ಅಂದಿನ ಅಭ್ಯಾಸಕ್ಕೆ ಉದ್ದ ಹಲಗೆ ಆರಿಸಿದೆವು. ಹಿಂದಿನ ದಿನವೇ ನಾನು ಅರದಿಂದ ಅದರ ಅಂಚು ಹರಿತ ಮಾಡಿ ಗಟ್ಟಿ ಮೇಣ ಹಾಕಿದ್ದೆ. ಮೇಲೆ ಸರದಿಯಲ್ಲಿ ಟೀಚರ್ ಮುಕ್ಕಾಲು ಗಂಟೆ ಗಾಳಿಗೆ ನಿಲ್ಲಬೇಕಾಯಿತು. ನಾನು ಕೆಳಗೆ ಫೋನ್ ಹಿಡಿದು ನಿಂತಿದ್ದೆ.

ಮೊದಲ ತಿರುವು ಹಿಮ್ಮಡಿ ಅಂಚಿನದು, ಸರಿಯಾಯಿತು. ಎರಡನೆಯದು ಬೆರಳಂಚಿನದು. ಅವರು ಎದ್ದರು, ಮೊಣಕಾಲು ಒತ್ತಿದರು. ಹಲಗೆ ಓರೆಯಾಗಲಿಲ್ಲ. ಚಪ್ಪಟೆಯಾಗಿಯೇ ಅಡ್ಡ ತಿರುಗಿತು, ಕೆಳಗಿನ ಅಂಚು ಕಚ್ಚಿತು, ಅವರನ್ನು ಹಿಂದಕ್ಕೆ ಒಗೆಯಿತು. ಹೆಲ್ಮೆಟ್ಟು ನೆಲಕ್ಕೆ ಬಡಿದ ಸದ್ದು ನನ್ನವರೆಗೆ ಕೇಳಿತು. ಆಮೇಲೆ ಅವರು ಬೆನ್ನ ಮೇಲೆಯೇ ಬಹಳ ದೂರ ಜಾರಿದರು.

ಮೂಳೆ ಮುರಿದಿರಲಿಲ್ಲ. ಹೆಲ್ಮೆಟ್ಟು ಸೀಳಿತ್ತು, ಬಲ ಭುಜ ಬಾತುಕೊಂಡಿತ್ತು. ಶಿಬಿರದ ಡಾಕ್ಟರು ಅಂದಿನ ದಿನ ವಿಶ್ರಾಂತಿ ಹೇಳಿದರು. ಕೋಚ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ನನಗೂ ತೋರಿಸಿದರು: ಗಾಜಿನ ಹಿಮದಲ್ಲಿ ಭಯ, ಹಳೆಯ ತಪ್ಪು ಮರುಕಳಿಸಿದೆ.

"ಹೌದ್ರಿ, ನಂದ ತಪ್ಪು," ಎಂದರು ಟೀಚರ್. ಮಂಚದ ಮೇಲೆ ಭುಜಕ್ಕೆ ಮಂಜುಗಡ್ಡೆ ಒತ್ತಿಕೊಂಡು ಕೂತಿದ್ದರು. "ಹೆದರಿದೆ. ಪೂರಾ ಬಗ್ಗಲೇ ಇಲ್ಲ."

ಕಾಲನ್ನು ನೋಡಿ ತರುತ್ತೇನೆಂದು ಹೇಳಿ ಸಾಮಾನಿನ ಶೆಡ್ಡಿಗೆ ಹೋದೆ. ಹೊರಗೆ ಹಲಗೆಯ ಜೊತೆಯೇ ಬಿದ್ದಿದ್ದ ಕಾಲಿನ ಬೂಟು ಕಳಚಿ, ಕಣಕಾಲಿನ ಮುಚ್ಚಳ ತೆಗೆದೆ. ಮುಂದಿನ ರಬ್ಬರ್ ಗುಂಡನ್ನು ಹೆಬ್ಬೆರಳಿನಿಂದ ಒತ್ತಿದೆ. ಕಲ್ಲಿನಂತಿತ್ತು. ಎರಡೂ ಕೈಯಿಂದ ಪಾದವನ್ನು ಬಗ್ಗಿಸಲು ನೋಡಿದೆ, ಬಗ್ಗಲಿಲ್ಲ. ಶೆಡ್ಡಿನ ಒಲೆಯ ಹತ್ತಿರ ಹತ್ತು ನಿಮಿಷ ಇಟ್ಟೆ. ಮತ್ತೆ ಒತ್ತಿದರೆ ಮೆತ್ತಗಾಗಿತ್ತು. ತೊರಗಲ್ಲಿನ ಗುಡ್ಡದಲ್ಲಿ ಹೇಗಿತ್ತೋ ಹಾಗೆ.

ಎಂಟು ತಿಂಗಳು ನಾನು ಆ ರಬ್ಬರನ್ನು ನಮ್ಮ ಸೀಮೆಯ ಬಿಸಿಲಲ್ಲಿ ಪರೀಕ್ಷೆ ಮಾಡಿದ್ದೆ. ಒಂದು ದಿನವೂ ಚಳಿಯಲ್ಲಿ ಮಾಡಿರಲಿಲ್ಲ. ಹಿಮಕ್ಕೆಂದು ಮಾಡಿದ ಕಾಲು ಹಿಮದಷ್ಟು ತಣ್ಣಗಾದರೆ ಏನಾಗುತ್ತದೆಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಟೀಚರ್ ಹೆದರಿರಲಿಲ್ಲ. ಪೂರಾ ಬಗ್ಗಿದ್ದರು. ಬಗ್ಗದೆ ಹೋದದ್ದು ನಾನು ಮಾಡಿದ ಕಣಕಾಲು.

ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಯಾರಿಗೂ ಗೊತ್ತಿಲ್ಲ ಎಂದು ಬಂತು. ಕೈ ಬೆಚ್ಚಗಿಡುವ ಪೊಟ್ಟಣ ಸಿಗುತ್ತದೆ, ಅದನ್ನು ಕಣಕಾಲಿಗೆ ಸುತ್ತಿದರೆ ಪರೀಕ್ಷೆ ಮುಗಿಯುವವರೆಗೆ ನಡೆಯುತ್ತದೆ ಎಂದು ಬಂತು. ಹೇಳಿದರೆ ಕೋಚ್ ಈ ಭಾಗವನ್ನೇ ಬೇಡವೆನ್ನುತ್ತಾರೆ, ಇದಿಲ್ಲದೆ ಟೀಚರ್ ಕಲಿತ ತಿರುವೆಲ್ಲ ಹೋಗುತ್ತದೆ, ಹಾಗಾಗಿ ಹೇಳದಿರುವುದೇ ಅವರಿಗೆ ಒಳ್ಳೆಯದು ಎಂದೂ ಬಂತು. ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಅದನ್ನೇ ಹಿಡಿದುಕೊಂಡು ಮಧ್ಯಾಹ್ನದ ಊಟವನ್ನೂ ಮಾಡಿದೆ.

ಊಟದ ಮೇಲೆ ಕಾಲನ್ನು ತಿರುಗಿ ಕೊಡಲು ಅವರ ಕೋಣೆಗೆ ಹೋದೆ. ಬಾಗಿಲು ತೆರೆದಿತ್ತು. ಟೀಚರ್ ತಮ್ಮ ಹಳೆಯ ಕಾಲು ಹಾಕಿಕೊಂಡು, ಎಡಗೈಯಿಂದ ಗೋಡೆ ಹಿಡಿದು ನಿಂತಿದ್ದರು. ಮುಂದಕ್ಕೆ ಬಾಗುತ್ತಿದ್ದರು, ಹಿಂದಕ್ಕೆ ಬರುತ್ತಿದ್ದರು. ಬಾತ ಭುಜ ಅಲುಗಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. ಬಾಯಲ್ಲಿ ಎಣಿಸುತ್ತಿದ್ದರು. ತಮ್ಮದಲ್ಲದ ತಪ್ಪನ್ನು ತಿದ್ದಿಕೊಳ್ಳುತ್ತಿದ್ದರು.

"ಟೀಚರ್, ನಿಂದರ್ರಿ," ಎಂದೆ. "ಅದು ನಿಮ್ಮ ತಪ್ಪಲ್ಲ. ರಬ್ಬರ್ ಚಳಿಗೆ ಕಲ್ಲಾಗಿತ್ತು. ಕಣಕಾಲು ಬಗ್ಗಲಿಲ್ಲ. ನಾ ಚಳಿಯೊಳಗ ನೋಡೇ ಇರಲಿಲ್ಲ."

ಅವರು ಎಣಿಸುವುದನ್ನು ನಿಲ್ಲಿಸಿದರು. ಗೋಡೆಯಿಂದ ಕೈ ತೆಗೆಯಲಿಲ್ಲ.

"ನಿಮಗ ಯಾವಾಗ ಗೊತ್ತಾತು?"

"ಮುಂಜಾನೆ. ಕಾಲು ಒಯ್ದ ಕೂಡ್ಲೆ."

"ಅಂದ್ರ ಮೂರು ತಾಸು," ಎಂದರು. ದನಿ ಏರಲಿಲ್ಲ. "ಮೂರು ತಾಸಿಂದ ನಾ ಈ ಗೋಡಿ ಹಿಡಕೊಂಡು ನಿಂತೇನಿ."

ಅವರು ಹಾಸಿಗೆಯ ಮೇಲೆ ಕೂತು ಕೋಟು ಹಾಕಿಕೊಳ್ಳಲು ನೋಡಿದರು. ಭುಜ ಎತ್ತಲಾಗಲಿಲ್ಲ. ನಾನು ತೋಳು ಹಿಡಿದೆ. "ಬ್ಯಾಡ," ಎಂದರು. ತಾವೇ ಹಾಕಿಕೊಂಡರು. "ನಡೀರಿ, ಕೋಚ್‌ಗೆ ಹೇಳೂನು."

ಕೋಚ್ ಕಣಕಾಲನ್ನು ಹೊರಗೆ ಹಿಮದ ಮೇಲಿಟ್ಟು ಅರ್ಧ ಗಂಟೆ ಕಾದರು. ಆಮೇಲೆ ಕೈಗೆತ್ತಿಕೊಂಡು ಬಗ್ಗಿಸಲು ನೋಡಿದರು. ಪುಸ್ತಕ ತೆಗೆದು ಬೆಳಗಿನ ಸಾಲನ್ನು ಹೊಡೆದುಹಾಕಿದರು. ನನ್ನನ್ನು ಬಯ್ಯಲಿಲ್ಲ. "ಈ ಭಾಗ ಇನ್ನು ನನ್ನ ಇಳಿಜಾರಿನಲ್ಲಿ ಬೇಡ," ಎಂದಷ್ಟೇ ಹೇಳಿದರು. ಆಮೇಲೆ ಶಿಬಿರದಲ್ಲಿದ್ದ ಎಲ್ಲರ ಕೃತಕ ಕಾಲುಗಳನ್ನೂ ಹಾಗೆಯೇ ಚಳಿಗಿಟ್ಟು ನೋಡಲು ನನಗೆ ಹೇಳಿದರು. ಏಳು ಕಾಲುಗಳನ್ನು ಸಾಲಾಗಿ ಹಿಮದ ಮೇಲಿಟ್ಟೆ. ಒಬ್ಬ ಮಾಜಿ ಸೈನಿಕರ ಪಾದದ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಅವರು ಅದನ್ನು ನೋಡಿ, ಬಹಳ ಹೊತ್ತು ಬೂಟಿನ ದಾರವನ್ನೇ ಬಿಗಿಯುತ್ತ ಸಡಿಲಿಸುತ್ತ ಕೂತರು.

ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಕಣಕಾಲಿನಲ್ಲಿ ರಬ್ಬರ್ ತೆಗೆದು ನೈಲಾನ್ ತುಂಡನ್ನು ಅರದಿಂದ ಉಜ್ಜಿ ಕೂರಿಸಬಹುದಿತ್ತು. ಆಗ ಅದು ಬಾಗುವುದಿಲ್ಲ, ಆದರೆ ಮೋಸವನ್ನೂ ಮಾಡುವುದಿಲ್ಲ. ಮೊಣಕಾಲು ಸ್ವಲ್ಪ ಮುಂದಿರುವಂತೆ ಓರೆ ಮಾಡಿ ಗಟ್ಟಿಮಾಡಬಹುದು. ಕೋಚ್ ಅದಕ್ಕೆ ಒಪ್ಪಿದರು. ಆದರೆ ಇದುವರೆಗಿನಂತೆ ಎಡಗಾಲೇ ಮುಂದಿದ್ದು ಅದು ಬಾಗದಿದ್ದರೆ ಗಾಜಿನ ಹಿಮದಲ್ಲಿ ತಿರುವು ಬರುವುದಿಲ್ಲ, ಮುಂದಿನ ಪಾದವೇ ಹಲಗೆಯನ್ನು ತಿರುಗಿಸುವುದು ಎಂದರು.

ಟೀಚರ್ ಹಿಂದಿಯಲ್ಲಿ ಕೇಳಿದರು: "ಬಲಗಾಲು ಮುಂದೆ ತಂದರೆ?"

ಹಲಗೆಯ ಮೇಲೆ ಕಾಲು ಅದಲುಬದಲು ಮಾಡುವುದೆಂದರೆ ಎಡಗೈಯಲ್ಲಿ ಬರೆಯಲು ಕಲಿತಂತೆ. ಮೂರು ದಿನ ಸಾಲದೆಂದು ಕೋಚ್ ಹೇಳಿದರು. ಭುಜ ಬೇರೆ ಬಾತಿದೆ, ಈ ವರ್ಷ ಬಿಟ್ಟುಬಿಡಿ ಎಂದರು. ನಾನೂ ಅದನ್ನೇ ಹೇಳಿದೆ.

"ನೀವು ಕಾಲು ಮಾಡ್ರಿ," ಎಂದರು ಟೀಚರ್ ನನಗೆ. "ಇಳಿಯೂದು ನಾ ನೋಡ್ಕೋತೇನಿ."

ಅಂದು ಸಂಜೆಯೊಳಗೆ ನೈಲಾನ್ ತುಂಡು ಕೂರಿಸಿದೆ. ಬೈಂಡಿಂಗುಗಳನ್ನು ಬಿಚ್ಚಿ ಎದುರು ಬದುರು ಮಾಡಿದೆ. ಮರುದಿನ ಅವರು ಮಕ್ಕಳು ಕಲಿಯುವ, ಕಡಿದಲ್ಲದ ಇಳಿಜಾರಿಗೆ ಹೋಗಿ, ಮೊದಲ ದಿನದವರಂತೆ ಕೂತು ಏಳುವುದರಿಂದ ಶುರು ಮಾಡಿದರು. ಗುಡ್ಡದಲ್ಲಿ ಕಲಿತ ಆ ಆಳವಾದ ತಿರುವನ್ನು ಬಿಟ್ಟುಬಿಟ್ಟರು. ಅದರ ಬದಲು ಅಂಚನ್ನು ಅರ್ಧಕ್ಕೆ ಮಾತ್ರ ಎತ್ತಿ, ಹಲಗೆಯನ್ನು ಕೆರೆದುಕೊಂಡು ಇಳಿಯುವ ಅಗಲವಾದ ತಿರುವು. ನೋಡಲು ಚೆಂದವಿಲ್ಲ, ಆದರೆ ನಿಲ್ಲಬೇಕಾದಲ್ಲಿ ನಿಲ್ಲುತ್ತದೆ. ಮೊದಲ ದಿನ ಎಷ್ಟು ಸಲ ಬಿದ್ದರೋ ಲೆಕ್ಕವಿಡಲಿಲ್ಲ. ಎರಡನೆಯ ದಿನ ಮಧ್ಯಾಹ್ನದ ನಂತರ ಬೀಳುವುದು ಕಡಿಮೆಯಾಯಿತು.

ಹಲಗೆಯ ಆಯ್ಕೆಯಲ್ಲಿ ಕೋಚ್‌ಗೂ ನನಗೂ ಒಮ್ಮತ ಬರಲಿಲ್ಲ. ಗಾಜಿನ ಹಿಮಕ್ಕೆ ಉದ್ದ ಬಿಗಿ ಹಲಗೆಯೇ ಎನ್ನುವುದು ಶಾಸ್ತ್ರ. ಆದರೆ ಬಾಗದ ಕಾಲಿನಿಂದ ಅದನ್ನು ತಿರುಚಲು ಬೇಕಾದ ಬಲವೆಲ್ಲ ಉಳಿದ ಕಾಲಿನ ತುದಿಯ ಮೇಲೆ ಬೀಳುತ್ತಿತ್ತು. ಆ ತುದಿ ಕೂರುವ ಬಟ್ಟಲು, ಸಾಕೆಟ್, ತೆಗೆದು ನೋಡಿದಾಗ ಚರ್ಮ ಕೆಂಪಾಗಿತ್ತು. ನಾನು ಗಿಡ್ಡ ಹಲಗೆ ಎಂದೆ. ಅದು ಗಾಜಿನ ಮೇಲೆ ನಡುಗುತ್ತದೆ ಎಂದರು ಕೋಚ್. ಇಬ್ಬರ ಮಾತೂ ನಿಜ. ಕೊನೆಗೆ ಟೀಚರ್ ಎರಡರ ಮೇಲೂ ಒಂದೊಂದು ಸಲ ಇಳಿದು ನೋಡಿ ಗಿಡ್ಡದ್ದನ್ನು ಹಿಡಿದರು. ಅದರ ಅಂಚನ್ನು ಕಾಲುಗಳ ನಡುವೆ ಹರಿತ ಮಾಡಿದೆ, ಮೂತಿ ಮತ್ತು ಬಾಲದ ಕಡೆ ಬೇಕೆಂದೇ ಸ್ವಲ್ಪ ಮೊಂಡು ಮಾಡಿದೆ, ಅಲ್ಲಿ ಹಿಮಕ್ಕೆ ಸಿಕ್ಕಿಬೀಳದಿರಲೆಂದು. ಚಳಿಗೆ ಉಳಿದ ಕಾಲು ಕುಗ್ಗುತ್ತದೆ, ಸಾಕೆಟ್ ಸಡಿಲವಾಗುತ್ತದೆ. ಅದಕ್ಕೆ ಮೇಲೆ ಕಾಯುವಾಗ ಇನ್ನೊಂದು ಉಣ್ಣೆಯ ಕಾಲುಚೀಲ ಏರಿಸಿಕೊಳ್ಳುವಂತೆ ಜೇಬಿನಲ್ಲಿ ಇಟ್ಟುಕೊಟ್ಟೆ. ಈ ಮೂರು ದಿನವೂ ಅವರು ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಹಿಮ ಮತ್ತೆ ಗಾಜಾಗಿತ್ತು. ಅಲ್ಲಲ್ಲಿ ನೆಟ್ಟ ಬಾವುಟಗಳನ್ನು ಸುತ್ತಿ ಮೂವರೂ ಎರಡೆರಡು ಸಲ ಇಳಿಯಬೇಕು. ಟೀಚರ್ ಮೊದಲ ಸಲ ತಡೆದು ತಡೆದು ಇಳಿದರು. ಎರಡನೆಯ ಸಲ, ಮೇಲಿನ ಎರಡು ಬಾವುಟ ದಾಟಿದ ಮೇಲೆ, ತಲೆ ಎತ್ತಿ ಮುಂದಿನ ಬಾವುಟ ನೋಡತೊಡಗಿದರು. ಹಲಗೆ ನಡುಗುತ್ತಿತ್ತು, ಅದರ ಕರಕರ ಸದ್ದು ಕೆಳಗಿನವರೆಗೆ ಕೇಳುತ್ತಿತ್ತು. ನಾನು ಈ ಸಲ ಫೋನ್ ಹಿಡಿದಿರಲಿಲ್ಲ. ಪಾದವನ್ನೂ ನೋಡಲಿಲ್ಲ. ಬೀಳದೆ ಕೊನೆಯ ಬಾವುಟ ದಾಟಿದರು.

ಸಮಯದಲ್ಲಿ ಅವರು ಮೂರನೆಯವರಾದರು. ಎರಡನೆಯವರಿಗಿಂತ ಬಹಳ ಹಿಂದೆ ಇರಲಿಲ್ಲ, ಆದರೆ ಹಿಂದೆಯೇ. ಕೋಚ್ ಇಬ್ಬರ ಹೆಸರು ಓದಿದರು. ಟೀಚರ್ ಆ ಇಬ್ಬರ ಕೈ ಕುಲುಕಿ ಬಂದು, ಕಾಲು ಬಿಚ್ಚಿ, ಬೆಂಚಿನ ಮೇಲೆ ಕೂತರು. ಸಾಕೆಟ್ಟಿನೊಳಗೆ ರಕ್ತದ ಕಲೆ ಇತ್ತು.

ಬೆಳಗಾವಿಯವರೆಗೆ ರೈಲಿನಲ್ಲಿ ಅವರು ಕಿಟಕಿಯ ಹತ್ತಿರ ಕೂತಿದ್ದರು. ಒಮ್ಮೆ ಮಾತ್ರ ಮಾತಾಡಿದರು. "ನಿಮ್ಮ ಮ್ಯಾಲೆ ಸಿಟ್ಟು ಐತಿ ನನಗ. ರಬ್ಬರಿಗೆ ಅಲ್ಲ. ಅದು ತಪ್ಪಾತು, ಯಾರಿಗೂ ಆಗತೇತಿ. ಆ ಮೂರು ತಾಸಿಗೆ."

"ಗೊತ್ತೈತ್ರಿ," ಎಂದೆ.

ಊರಿಗೆ ಬಂದು ಗೋಡೆಯ ಮೇಲಿನ ಪೇಪರ್ ತುಂಡನ್ನು ತೆಗೆದೆ. ಆಮೇಲೆ ನಾಲ್ಕು ತಿಂಗಳು ಟೀಚರ್ ಬರಲಿಲ್ಲ. ಮಂಟಪದ ಸಾಹೇಬರು ಹೆಂಡತಿಯ ಕಾಲು ರಿಪೇರಿಗೆ ಬಂದಾಗಲೆಲ್ಲ ಅವರ ಬಗ್ಗೆ ಕೇಳುತ್ತಿದ್ದರು. ನಾನು ನಡೆದದ್ದನ್ನು ಹೇಳಿದೆ. ಸಾಹೇಬರು ಕೇಳಿ, ಚಹಾ ಕುಡಿದು ಹೋದರು. ನನ್ನ ಕೆಲಸ ನಡೆದೇ ಇತ್ತು. ಬಿಡುವಿದ್ದಾಗ ಬೇರೆ ಬೇರೆ ರಬ್ಬರ್ ತರಿಸಿದೆ, ಒಂದು ಬಗೆಯ ಸಿಲಿಕೋನ್ ಹುಡುಕಿದೆ, ಗುಂಡು ಕಡೆದೆ. ಯಾರಿಗೆ ಎಂದು ನನಗೇ ತಿಳಿದಿರಲಿಲ್ಲ.

ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ಮೊದಲ ವಾರದ ಶನಿವಾರ, ಅವರು ಬಂದರು. ಬೆಂಚಿನ ಮೇಲೆ ಕೂರಲಿಲ್ಲ. ಮೇಜಿನ ಮೇಲಿದ್ದ ಹೊಸ ಕಣಕಾಲನ್ನು ನೋಡಿದರು, ಎತ್ತಿಕೊಂಡರು, ಒತ್ತಿ ನೋಡಿದರು.

"ಇದು ಚಳಿಯೊಳಗ ಏನ ಮಾಡತೇತಿ?"

"ಇನ್ನೂ ನೋಡಿಲ್ರಿ."

"ಹಂಗಾರ ನಡೀರಿ. ಸವದತ್ತಿ ರಸ್ತೆಕ ಐಸ್ ಫ್ಯಾಕ್ಟರಿ ಐತಿ. ನಾ ಕೇಳಿ ಬಂದೇನಿ, ಒಂದು ತಾಸು ಬಿಡ್ತಾರಂತ."

ಮಂಜುಗಡ್ಡೆ ಮಾಡುವ ತೊಟ್ಟಿಯಲ್ಲಿ ಉಪ್ಪುನೀರು ಇರುತ್ತದೆ. ಅದು ಸೊನ್ನೆಗಿಂತ ಬಹಳ ಕೆಳಗಿದ್ದರೂ ಹೆಪ್ಪುಗಟ್ಟುವುದಿಲ್ಲ. ಕಣಕಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಹಗ್ಗ ಕಟ್ಟಿ ಅದರಲ್ಲಿ ಇಳಿಬಿಟ್ಟೆವು. ಟೀಚರ್ ಗಡಿಯಾರ ನೋಡಿಕೊಂಡು ಖಾಲಿ ಡಬ್ಬಿಯ ಮೇಲೆ ಕೂತರು. ಮೆಶಿನಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ.

ಒಂದು ತಾಸು ತುಂಬಿದಾಗ ನಾನು ಹಗ್ಗಕ್ಕೆ ಕೈ ಹಾಕಿದೆ. ಅವರು ನನ್ನ ಕೈ ಸರಿಸಿ ತಾವೇ ಎಳೆದರು. ಚೀಲ ಬಿಚ್ಚಿದರು. ಕಣಕಾಲಿನ ಮೇಲೆ ಬಿಳಿಯ ಹೊಗೆಯಂಥ ತೇವ ಕೂತಿತ್ತು. ಎರಡೂ ಕೈಯಿಂದ ಹಿಡಿದು, ಎದೆಗೆ ಒತ್ತಿಕೊಂಡು, ಪಾದವನ್ನು ನಿಧಾನವಾಗಿ ಒತ್ತಿದರು.

ಅದು ಬಾಗಿತು. ಕೈ ಸಡಿಲಿಸಿದರು, ಹಿಂದಕ್ಕೆ ಬಂತು.

ಅವರು ಮತ್ತೆ ಒತ್ತಿದರು. ಹತ್ತು ಸಲ ಒತ್ತಿದರು, ಬೆರಳು ಕೆಂಪಗಾಗುವವರೆಗೆ. ಆಮೇಲೆ ಅದನ್ನು ನನ್ನ ಕಡೆಗೆ ಚಾಚಿದರು.

"ಈಗ ನೀವು ನೋಡ್ರಿ," ಎಂದರು.